ಹಿಂತಿರುಗಿ ನೋಡುವ ಚಟ

ಭಾನುವಾರ, ಊಟವಾದ ಮೇಲೆ

ಬೈಯುವುದನ್ನೂ ಮುದ್ದು ಮಾಡುವುದನ್ನೂ ಒಂದೇ ಉಸಿರಿನಲ್ಲಿ ಮುಗಿಸುವ ನನ್ನ ಅಕ್ಕನಿಗೆ, ತಂಗಿಯ ಪ್ರೀತಿ.

ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ರೋಗ ಎಲ್ಲಿಂದ ಬಂತು ಎಂದು ನೀನು ಅಂದುಕೊಳ್ಳುತ್ತೀಯ. ಫೋನಿನಲ್ಲಿ ನಾನು ಅಕ್ಕಾ ಎನ್ನುವಷ್ಟರಲ್ಲಿ ನೀನು ಬುದ್ಧಿ ಹೇಳಿ ಮುಗಿಸಿರುತ್ತೀಯ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಆಗುವುದಿಲ್ಲ. ಚಿಕ್ಕವರಿದ್ದಾಗ ಅಜ್ಜಿಯ ಕಥೆಗೆ ಹೂಂಗುಟ್ಟುತ್ತಿದ್ದೆಯಲ್ಲ, ಹಾಗೆ ಹೂಂಗುಟ್ಟುತ್ತಾ ಓದು.

ಈಗ ನಾನು ಮನೆ ಮುಂದೆ ನಿಲ್ಲಿಸಿದ ಶಾಲೆಯ ವ್ಯಾನಿನಲ್ಲಿ ಕೂತಿದ್ದೇನೆ. ಸ್ಟಿಯರಿಂಗ್‌ಗೆ ಒರಗಿಸಿದ ಮಗನ ಬರೆಯುವ ಹಲಗೆ, ಅದರ ಮೇಲೆ ಈ ಕಾಗದ. ಮನೆಯೊಳಗೆ ಹೋದರೆ ಒಬ್ಬರಿಗೆ ಸಾಕ್ಸ್ ಸಿಗುವುದಿಲ್ಲ, ಇನ್ನೊಬ್ಬರಿಗೆ ಕನ್ನಡಕ ಸಿಗುವುದಿಲ್ಲ, ನಾನು ಮಾತ್ರ ಎಲ್ಲರಿಗೂ ಸಿಕ್ಕಿಬಿಡುತ್ತೇನೆ. ವ್ಯಾನ್ ತೊಳೆಯುತ್ತೇನೆಂದು ಹೇಳಿ ಬಂದಿದ್ದೇನೆ. ಸಾಕ್ಷಿಗೆ ಬಕೆಟ್ಟೂ ಬಟ್ಟೆಯೂ ಹೊರಗಿವೆ.

ಅಕ್ಕ, ನನ್ನ ತಲೆ ಕಲಸಿಹೋಗಿದೆ. ನಾಳೆ ಬೆಳಿಗ್ಗೆ ಶಾಲೆಯಲ್ಲಿ ಒಂದು ಉತ್ತರ ಕೊಡಬೇಕು. ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು ಎನ್ನಿಸುತ್ತಿದೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಉತ್ತರ ಕೊಟ್ಟಾಗಿರುತ್ತದೆ. ಆದರೂ ನಿನಗೆ ಹೇಳುತ್ತಾ ಹೋದರೆ ನನಗೇ ತಿಳಿದೀತು ಎಂಬ ಆಸೆ.

ನಮ್ಮ ಸಂಸಾರ ನಿನಗೆ ಗೊತ್ತೇ ಇದೆ. ಇವರು ಬೆಳಕು ಹರಿಯುವ ಮೊದಲೇ ಬೇಕರಿಯ ಒಲೆ ಮುಂದೆ ನಿಲ್ಲಬೇಕು. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ದೆವ್ವದ ಹಾಗೆ ವಾಪಸು ಬರುವಾಗ ನಾನು ವ್ಯಾನ್ ಹೊರಡಿಸುತ್ತಿರುತ್ತೇನೆ. ಬಾಗಿಲಲ್ಲಿ ಎದುರಾಗುತ್ತೇವೆ. ಹಾಲು ಕಾಯಿಸಿದೆ, ಚಿಕ್ಕವನ ಗುಂಡಿ ಕಿತ್ತಿದೆ, ಅತ್ತೆಯ ಮಾತ್ರೆ ಮುಗಿದಿದೆ. ಗಂಡ ಹೆಂಡಿರ ಪಿಸುಮಾತು ಎಂದರೆ ಇಷ್ಟೇ. ಮನೆಯನ್ನು ಅವರ ಕೈಗೆ ಕೊಟ್ಟು ನಾನು ಹೊರಡುತ್ತೇನೆ. ಸಂಜೆ ಅವರು ಬೇಗ ಮಲಗುವಾಗ ಅದು ನನ್ನ ಕೈಗೆ ವಾಪಸು ಬರುತ್ತದೆ. ಅತ್ತೆ ನಡುವೆ ನಿಂತು ಇಬ್ಬರನ್ನೂ ಸಮನಾಗಿ ಬೈದು ನ್ಯಾಯ ಕಾಪಾಡುತ್ತಾರೆ.

ನನಗೆ ಸ್ವಂತದ್ದೆಂದು ಇದ್ದದ್ದು ಒಂದು ಸಂದು. ಬೆಳಿಗ್ಗೆ ಮಕ್ಕಳನ್ನೆಲ್ಲ ಶಾಲೆಗೆ ಬಿಟ್ಟ ಮೇಲೆ, ಮಧ್ಯಾಹ್ನ ಪುಟಾಣಿಗಳನ್ನು ಮನೆಗೆ ಕರೆದೊಯ್ಯುವವರೆಗಿನ ಹೊತ್ತು. ಶಾಲೆಯ ಹಿಂಬದಿಯ ಗೋಡೆ ಮುಗಿದಲ್ಲೇ ಬೆಟ್ಟ ಶುರುವಾಗುತ್ತದೆ. ಒಂದು ದಿನ ಸುಮ್ಮನೆ ಹತ್ತಿದೆ. ಮರುದಿನ ಸ್ವಲ್ಪ ಬಿರುಸಾಗಿ ಹತ್ತಿದೆ. ಆಮೇಲೆ ಕಾಲುಗಳು ನನ್ನನ್ನು ಕೇಳುವುದನ್ನೇ ಬಿಟ್ಟವು. ಬಂಡೆ, ಸಡಿಲ ಜಲ್ಲಿ, ಹುಲ್ಲು, ಎದೆ ಬಡಿತ. ಅಲ್ಲಿ ಯಾರೂ ಅಮ್ಮಾ ಎಂದು ಕೂಗುವುದಿಲ್ಲ. ಇಳಿದು ಬಂದು, ವ್ಯಾನಿನ ಪರದೆ ಎಳೆದು ಬಟ್ಟೆ ಬದಲಿಸಿ, ಡ್ರೈವರಮ್ಮ ಆಗಿ ಕೂರುತ್ತೇನೆ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ, ನೀನೇಕೆ ಅದರ ಮೇಲೆ ಓಡುತ್ತೀಯ ಎಂಬುದು ಅತ್ತೆಯ ಪ್ರಶ್ನೆ.

ಈಗ ಆ ಸಂದಿಗೇ ಬಾಗಿಲು ಬೀಳುತ್ತಿದೆ. ಶಾಲೆಯವರು ಹಳೆಯ ವ್ಯಾನುಗಳನ್ನು ಮಾರಿ ದೊಡ್ಡ ಬಸ್ಸು ತರಿಸುತ್ತಿದ್ದಾರೆ. ವ್ಯಾನ್ ಓಡಿಸುವವರೆಲ್ಲ ಇನ್ನು ಬಸ್ಸಿನ ಸ್ಟಿಯರಿಂಗ್ ಹಿಡಿಯಬೇಕು. ಒಬ್ಬರಿಗೆ ಮಾತ್ರ ವಾಹನಗಳ ಉಸ್ತುವಾರಿಯ ಕೋಣೆಯಲ್ಲಿ ಕುರ್ಚಿ. ಅಲ್ಲೊಂದು ಕಂಪ್ಯೂಟರ್ ಪರದೆಯಿದೆ. ಯಾವ ಬಸ್ಸು ಎಲ್ಲಿದೆ ಎಂದು ಅದರ ಮೇಲೆ ಚುಕ್ಕಿಗಳು ಹರಿದಾಡುತ್ತವೆ. ಬೆಳಗಿನಿಂದ ಸಂಜೆವರೆಗೆ ಅದನ್ನು ನೋಡುತ್ತಾ, ತಾಯಂದಿರ ಫೋನಿಗೆ ಸಮಾಧಾನ ಹೇಳುತ್ತಾ ಕೂರಬೇಕು. ಸಂಬಳ ಹೆಚ್ಚು. ಕಿಟಕಿ ತೆರೆದರೆ ಬೆಟ್ಟ ಕಾಣುತ್ತದೆ, ಅದು ಉಪಕಾರವೋ ಹಿಂಸೆಯೋ ತಿಳಿಯದು. ಬಸ್ಸು ಓಡಿಸಿದರೆ ನನ್ನ ಸಂದು ಉಳಿಯುತ್ತದೆ, ಸಂಬಳ ಈಗಿನಷ್ಟೇ.

ಹಾಗಾದರೆ ಬಸ್ಸೇ ಸರಿ ಎನ್ನುತ್ತೀಯ. ತಾಳು. ಇವರ ಎದೆಯಲ್ಲಿ ಈಚೆಗೆ ಸಿಳ್ಳೆ ಕೇಳುತ್ತಿದೆ. ಹಿಟ್ಟಿನ ದೂಳು ಒಳಗೆ ಕೂತಿದೆ, ಒಲೆಯ ಕೋಣೆ ಬಿಡಿ ಎಂದು ಡಾಕ್ಟರು ಹೇಳಿದ್ದಾರೆ. ಅದೇ ಬೇಕರಿಯ ಮುಂಭಾಗದಲ್ಲಿ, ಗಿರಾಕಿಗಳಿಗೆ ಬ್ರೆಡ್ ಕಟ್ಟಿಕೊಡುವ ಕೆಲಸ ಇವರಿಗೆ ಸಿಗುತ್ತದೆ. ಆದರೆ ಸಂಬಳ ಕಡಿಮೆ. ನಾನು ಕುರ್ಚಿಯಲ್ಲಿ ಕೂತರೆ ಇವರು ಒಲೆ ಬಿಡಬಹುದು. ಇವರು ಒಂದು ದಿನವೂ ಬಾಯಿಬಿಟ್ಟು ಕೇಳಿಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ರಾತ್ರಿ ಕೆಮ್ಮು ಬಂದರೆ ನನಗೆ ಕೇಳಿಸದಿರಲೆಂದು ಎದ್ದು ಅಡುಗೆಮನೆಗೆ ಹೋಗುತ್ತಾರೆ. ಅದು ಇನ್ನೂ ಜೋರಾಗಿ ಕೇಳಿಸುತ್ತದೆ.

ಇನ್ನು ಓಟದ ವಿಷಯ. ನಾನು ಬೆಟ್ಟದ ಓಟದಲ್ಲಿ ಯಾರನ್ನೋ ಕಾಪಾಡಿದೆ ಎಂದು ಅಮ್ಮ ನಿನಗೆ ಹೇಳಿರಬೇಕು. ಅಕ್ಕಪಕ್ಕದವರೂ ಹಾಗೇ ಹೇಳುತ್ತಾರೆ. ನಡೆದದ್ದನ್ನು ನಿನಗೆ ಮಾತ್ರ ಹೇಳುತ್ತೇನೆ, ನಗಬಾರದು.

ಹೋದ ಭಾನುವಾರ ಓಟವಿತ್ತು. ಹೆಂಗಸರಲ್ಲಿ ಮೊದಲು ಬಂದವಳನ್ನು ಊರಿನ ಓಟಗಾರರ ಸಂಘದವರು ದೂರದ ದೊಡ್ಡ ಪರ್ವತದ ಓಟಕ್ಕೆ ಕಳಿಸುತ್ತಾರೆ. ನಾನು ನಡುದಾರಿಯಲ್ಲೇ ಎಲ್ಲ ಹೆಂಗಸರಿಗಿಂತ ಮುಂದಿದ್ದೆ. ನನ್ನ ಬೆನ್ನಿಗೇ ಮೂವರು ಹುಡುಗಿಯರು ಬರುತ್ತಿದ್ದರು, ಅವರ ಉಸಿರು ನನ್ನ ಕಿವಿಯಲ್ಲಿತ್ತು. ತುದಿ ದಾಟಿ, ನೀರು ಕೊಡುವ ಮೇಜನ್ನೂ ಬಿಟ್ಟು, ಆ ಕಡೆಯ ಕಾಡಿಗೆ ಇಳಿದೆ. ಇಳಿಜಾರು, ನೆರಳು, ಹಾರಿ ಹಾರಿ ಹೋಗುತ್ತಿದ್ದೆ. ಇದ್ದಕ್ಕಿದ್ದಂತೆ ಹಿಂದಿನಿಂದ ಉಸಿರೇ ಕೇಳಿಸಲಿಲ್ಲ.

ಓಡುವವಳಾದವಳು ಏನು ಮಾಡಬೇಕು? ಖುಷಿಪಟ್ಟು ಇನ್ನಷ್ಟು ಓಡಬೇಕು. ನಾನು ನಿಂತುಬಿಟ್ಟೆ.

ಅಕ್ಕ, ವ್ಯಾನಿನಲ್ಲಿ ನನ್ನದೊಂದು ಪದ್ಧತಿಯಿದೆ. ಪ್ರತಿ ನಿಲ್ದಾಣದಲ್ಲೂ ಹಿಂತಿರುಗಿ ನೋಡಿ ಎಲ್ಲಾ ಬಂದ್ರಾ ಎಂದು ಕೇಳಬೇಕು, ಮಕ್ಕಳು ಬಂದ್ವಿ ಎಂದು ಕೂಗಬೇಕು, ಆಮೇಲೇ ಗೇರು. ಕೂಗಿಗೆ ಒಂದು ದನಿ ಕಡಿಮೆಯಾದರೂ ಇಳಿದು ಸೀಟುಗಳ ಕೆಳಗೆ ಬಗ್ಗಿ ನೋಡುತ್ತೇನೆ. ಪುಟಾಣಿಗಳು ಜಾರಿ ಅಲ್ಲೇ ನಿದ್ದೆ ಹೋಗಿರುತ್ತವೆ. ಇಷ್ಟು ವರ್ಷ ಹೀಗೆ ಮಾಡಿ ಮಾಡಿ, ಹಿಂದಿನ ಸದ್ದು ನಿಂತರೆ ನನ್ನ ಕಾಲು ತಾನಾಗಿ ಬ್ರೇಕ್ ಒತ್ತುತ್ತದೆ. ಕಾಡಿನಲ್ಲೂ ಒತ್ತಿತು. ಹಿಂತಿರುಗಿ ನೋಡಿದೆ, ಯಾರೂ ಇಲ್ಲ. ಇಳಿದ ದಾರಿಯನ್ನೇ ಮತ್ತೆ ಹತ್ತಿದೆ.

ಯಾರೋ ಬಿದ್ದಿರುತ್ತಾರೆ, ಕಾಲು ಹೊರಳಿರುತ್ತದೆ ಎಂದೆಲ್ಲ ಎಣಿಸಿ ಹೋದರೆ, ಮೂವರೂ ನೀರಿನ ಮೇಜಿನ ಬಳಿ ಕಿತ್ತಳೆ ತೊಳೆ ತಿನ್ನುತ್ತಾ ನಿಂತಿದ್ದರು. ಒಬ್ಬಳು ನನ್ನನ್ನು ನೋಡಿ ಕೇಳಿದಳು.

"ಯಾಕಕ್ಕ, ಏನಾದ್ರೂ ಮರೆತು ಬಂದ್ರಾ?"

ಬಾಯಿಗೆ ಅಭ್ಯಾಸವಾದದ್ದೇ ಬಂತು.

"ಎಲ್ಲಾ ಬಂದ್ರಾ?"

ಅವರು ಮುಖ ಮುಖ ನೋಡಿಕೊಂಡು ನಕ್ಕರು. ಬಂದ್ವಿ ಅಕ್ಕ ಎಂದು, ಸಿಪ್ಪೆ ಎಸೆದು, ನನ್ನನ್ನು ದಾಟಿ ಓಡಿಹೋದರು. ನಾನೂ ಓಡಬಹುದಿತ್ತು. ಓಡಲಿಲ್ಲ. ಮೇಜಿನ ಪಕ್ಕ ನಿಂತು ಹಿಂದೆ ಬರುವವರನ್ನೆಲ್ಲ ನೋಡಿದೆ. ಕೊನೆಗೆ ದಾರಿಗೆ ಕಟ್ಟಿದ ಕೆಂಪು ರಿಬ್ಬನ್ನುಗಳನ್ನು ಬಿಚ್ಚುತ್ತಾ ಸಂಘದ ಒಬ್ಬ ತಾತ ಬಂದರು, ಅವರ ಜೊತೆ ನಡೆದು ಇಳಿದೆ. ಮನೆಗೆ ಬಂದು ಹೇಳಿದರೆ, ನೀನು ಗೆಲ್ಲೋಕೆ ಹೋಗಿದ್ದಾ, ಹಾಜರಿ ತಗೊಳ್ಳೋಕಾ ಎಂದು ಇವರು ಹೊಟ್ಟೆ ಹಿಡಿದು ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. ಆಮೇಲೆ ಇಬ್ಬರೂ ನಗಲಿಲ್ಲ.

ಮಗಳು ಮಾತ್ರ ನನ್ನ ಜೊತೆ ಮಾತು ಬಿಟ್ಟಳು. ನಮ್ಮಮ್ಮನೇ ಫಸ್ಟ್ ಎಂದು ತರಗತಿಯಲ್ಲಿ ಡಂಗುರ ಹೊಡೆದಿದ್ದಳು, ಪಾಪ. ಸೋಮವಾರ ಗೆಳತಿಯರು ಕೇಳಿದಾಗ, ಒಬ್ಬ ಹುಡುಗಿ ಬಂಡೆಯಿಂದ ಬಿದ್ದಳು, ಅಮ್ಮ ಗೆಲುವು ಬಿಟ್ಟು ಅವಳನ್ನು ಹೊತ್ತು ತಂದಳು ಎಂದು ಕಥೆ ಕಟ್ಟಿದಳು. ಕಥೆ ಕಟ್ಟುವುದು ನಮ್ಮ ಮನೆತನದ ರಕ್ತ, ಅವಳ ತಪ್ಪೇನು. ಮಂಗಳವಾರ ಅದು ಟೀಚರುಗಳ ಕೋಣೆ ತಲುಪಿತು. ಬುಧವಾರ ಸೀಟಿ ಸಾರ್ ನನ್ನನ್ನು ಕರೆಸಿದರು. ಶಾಲೆಯ ವಾಹನಗಳ ಉಸ್ತುವಾರಿ ಅವರದು. ಯೋಚನೆ ಬಂದಾಗಲೆಲ್ಲ ಸೀಟಿ ಹಾಕುವುದರಿಂದ ಆ ಹೆಸರು. ಸ್ವಂತ ಗೆಲುವು ಬಿಟ್ಟು ಬೇರೆಯವರನ್ನು ಹೊತ್ತವರಿಗಿಂತ ಈ ಕುರ್ಚಿಗೆ ಯೋಗ್ಯರು ಯಾರು, ಯೋಚಿಸಿ ಸೋಮವಾರ ಹೇಳಿ ಎಂದರು. ನಾನು ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು.

ನೋಡು ಈಗ ಗಂಟು ಎಲ್ಲಿ ಬಿದ್ದಿದೆ. ಹೌದು ಎಂದರೆ ಮಗಳ ಸುಳ್ಳಿನ ಮೇಲೆ ಕೂತ ಹಾಗೆ. ನಿಜ ಹೇಳಿದರೆ ಅವಳ ಮುಖಕ್ಕೆ ಮಸಿ, ಕುರ್ಚಿಯೂ ಹೋದೀತು. ಕುರ್ಚಿ ಹೋದರೆ ನನಗೆ ಬೆಟ್ಟ ಉಳಿಯುತ್ತದೆ, ಇವರಿಗೆ ಒಲೆ ಉಳಿಯುತ್ತದೆ. ಹಾಗಾದರೆ ನಿಜ ಹೇಳಬೇಕೆನ್ನಿಸುವುದು ನಿಜದ ಮೇಲಿನ ಪ್ರೀತಿಗೋ, ಬೆಟ್ಟದ ಮೇಲಿನ ಆಸೆಗೋ? ಯೋಚಿಸಿದಷ್ಟೂ ಸಿಕ್ಕಾಗುತ್ತದೆ.

ಇವತ್ತು ಬೆಳಿಗ್ಗೆ ಮಗಳನ್ನು ಈ ವ್ಯಾನಿನಲ್ಲೇ ಕೂರಿಸಿಕೊಂಡು, ನಾಳೆ ಸಾರ್‌ಗೆ ನಿಜ ಹೇಳುತ್ತೇನೆಂದೆ. ಅವಳು ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಕಿಟಕಿಯ ರಬ್ಬರ್ ಕೀಳುತ್ತಾ ಕೇಳಿದಳು.

"ಯಾರೂ ಬೀಳ್ಲಿಲ್ಲ ಅಂತೀಯ, ಸರಿ. ಮತ್ತೆ ಯಾಕೆ ವಾಪಸ್ ಹೋದೆ ಅಂತ ಕೇಳ್ತಾರಲ್ಲ, ಆಗ ಏನು ಹೇಳ್ತೀಯ?"

ನಾನು ಚಟ ಎಂದೆ. ಅಷ್ಟಕ್ಕೆ ಯಾರಾದರೂ ಫಸ್ಟ್ ಬಿಡುತ್ತಾರಾ ಎಂದು ಕೇಳಿ ಇಳಿದು ಹೋದಳು. ಅವಳ ಸುಳ್ಳಿಗಾದರೂ ಒಂದು ಕಾರಣವಿದೆ ಅಕ್ಕ, ನನ್ನ ನಿಜಕ್ಕೆ ಅದೂ ಇಲ್ಲ.

ಇಷ್ಟು ಬರೆದೆ, ಇನ್ನೂ ಏನೂ ತಿಳಿದಿಲ್ಲ. ಅತ್ತೆ ಕಿಟಕಿಯಿಂದ ಇಣುಕಿ, ಆ ವ್ಯಾನಿನ ಬಣ್ಣವೂ ಹೋಗುವಷ್ಟು ತಿಕ್ಕುತ್ತಿದ್ದೀಯಾ ಎಂದು ಕೇಳುತ್ತಿದ್ದಾರೆ. ಬಟ್ಟೆಯನ್ನಾದರೂ ಒದ್ದೆ ಮಾಡುತ್ತೇನೆ. ಭಾವನಿಗೆ ನಮಸ್ಕಾರ. ನಿನ್ನ ಬೈಗುಳವನ್ನು ಬೇಗ ಕಳಿಸು, ಆದಷ್ಟು ಉದ್ದವಾಗಿರಲಿ.

ಯಾವ ಕಡೆ ತಿರುಗಬೇಕೆಂದು ತಿಳಿಯದ,
ನಿನ್ನ ತಂಗಿ

ಮರೆತ ಮಾತು, ಸೋಮವಾರ ಸಂಜೆ: ಮರೆತದ್ದಲ್ಲ ಅಕ್ಕ, ಮುಚ್ಚಿಟ್ಟದ್ದು. ಕುರ್ಚಿಯ ಸುದ್ದಿ ಓಟಕ್ಕೆ ಮೊದಲೇ ಹಬ್ಬಿತ್ತು, ಆಗಲೇ ಮನಸ್ಸಿನಲ್ಲಿ ಒಂದು ಪಣ ಕಟ್ಟಿದ್ದೆ. ಮೊದಲು ಬಂದರೆ ಕುರ್ಚಿ ಕೊಟ್ಟರೂ ಬೇಡ ಎನ್ನುವುದು, ಇವರ ಕೆಮ್ಮು ಕೇಳಿಸಿದರೂ ಪರ್ವತದ ಓಟಕ್ಕೆ ಹೋಗುವುದು. ಆ ಕಾಡಿನಲ್ಲಿ ಹಿಂದೆ ಉಸಿರು ನಿಂತಾಗ, ನಿಜವಾಗಿಯೂ ಗೆದ್ದುಬಿಡುತ್ತೇನೆಂದು ಗೊತ್ತಾಯಿತು. ಆಗಲೇ ಕಾಲು ನಿಂತದ್ದು. ಚಟಕ್ಕೆ ನಿಂತಿತೋ ಹೆದರಿ ನಿಂತಿತೋ, ದೇವರಾಣೆ ನನಗೆ ತಿಳಿಯದು. ನಿನ್ನೆ ಕಾಗದ ಮಡಿಸಿದ ಮೇಲೆ ಇದನ್ನು ಮಗಳಿಗೆ ಹೇಳಿದೆ, ಆಮೇಲೆ ಇವರಿಗೂ ಹೇಳಿದೆ. ಇವರು ನನ್ನ ಕೈ ಹಿಡಿದು ಕೂತರು. ಮಗಳು ಮಾತ್ರ, ಹೆದರಿದೆ ಅಂತ ಹೇಳಬಹುದಮ್ಮ, ನಾನೂ ಹೆದರಿಯೇ ಹಾಗೆ ಹೇಳಿದ್ದು, ನಾಳೆ ನಾನೂ ಬರುತ್ತೇನೆ ಎಂದಳು. ಬಂದಳು. ಇಬ್ಬರೂ ಸೀಟಿ ಸಾರ್ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದೆವು. ಅವರು ಸೀಟಿ ಹಾಕುವುದನ್ನೇ ಮರೆತು ಕೇಳಿದರು. ಸುಳ್ಳಿಗೆ ಮಗಳನ್ನು ಗದರಿದರು. ಆಮೇಲೆ, ಬಿದ್ದವರಿಗೆ ಯಾರು ಬೇಕಾದರೂ ನಿಲ್ಲುತ್ತಾರೆ, ಕಿತ್ತಳೆ ತಿನ್ನುವವರಿಗೂ ವಾಪಸು ಬರುವವರು ಈ ಕೋಣೆಗೆ ಬೇಕು, ಕುರ್ಚಿ ನಿಮ್ಮದೇ ಎಂದರು. ತೆಗೆದುಕೊಂಡೆ. ಇವರು ತಿಂಗಳ ಕೊನೆಗೆ ಒಲೆ ಬಿಡುತ್ತಾರೆ. ಬೆಟ್ಟವನ್ನು ಮಾತ್ರ ಬಿಡುವುದಿಲ್ಲ ಎಂದು ಸಾರ್‌ಗೆ ಹೇಳಿದೆ. ಬೆಳಗಿನಿಂದ ಸಂಜೆವರೆಗೆ ಇಲ್ಲಿ ಕೂತು ಅದು ಹೇಗೆ ಸಾಧ್ಯ ಎಂದು ಅವರು ಕೇಳಿದರು. ನಾನು ಇಷ್ಟೇ ಹೇಳಿದ್ದು:

"ಗೊತ್ತಿಲ್ಲ ಸಾರ್. ಆದ್ರೆ ಈ ಸಲ ಹೆದರಿ ಬಿಡಲ್ಲ."