ಹೋಮ್ ಅಂದಿದ್ದು ಹೋಮ ಅಂತ ಕೇಳಿಸ್ತು

ಹೊಸದುರ್ಗ
ಮಂಗಳವಾರ, ೧೨ ನವೆಂಬರ್ ೨೦೨೪
ಬೆಳಗ್ಗೆ ಏಳು ಗಂಟೆ

ನನ್ನ ಲತವ್ವಾ,

ನಿನಗೂ ನಿನ್ನ ಮಡಿಲ ಕೂಸಿಗೂ ಅತ್ತೆಯ ಆಶೀರ್ವಾದ. ಹೊಳಲ್ಕೆರೇಲಿ ಚಳಿ ಹೆಂಗೈತೆ? ಕಿವಿಗೆ ಹತ್ತಿ ಇಟ್ಕಂಡಿದ್ದೀಯೋ, ಇಲ್ಲ ಫೋನಿಗೆ ಅಡ್ಡ ಅಂತ ತೆಗೆದು ಬಿಸಾಕಿದ್ದೀಯೋ? ನಿನ್ನ ಸ್ವಭಾವ ನನಗೆ ಗೊತ್ತು. ಬೆಳ್ಳುಳ್ಳಿ ತಿನ್ನು, ಮೂಗು ಮುರೀಬ್ಯಾಡ. ಕೂಸಿನ ನೆಗಡಿ ವಾಸಿ ಆಯ್ತಾ? ನಿಮ್ಮಮ್ಮನ ಮಂಡಿನೋವು ಹೆಂಗೈತೆ? ನಿನ್ನ ಬಾಣಂತನ ಮಾಡಿ ಮಾಡಿ ಅವರೇ ಮಲಗೋ ಹಂಗಾಗದಿರಲಿ. ಇಲ್ಲಿ ನಿನ್ನ ಗಂಡ ಬಸವೇಶ ಚೆನ್ನಾಗವ್ನೆ. ಅಡಿಗೆ ಅವನೇ ಮಾಡ್ತಾನೆ. ಸಾರಿಗೆ ಎರಡು ಸಲ ಉಪ್ಪು ಹಾಕ್ತಾನೆ, ಆಮೇಲೆ ‘ಮರೆವು ನಿನಗೆ ಕಣಮ್ಮ’ ಅಂತಾನೆ.

ಫೋನ್ ಬಿಟ್ಟು ಇದೇನು ಕಾಗದ ಅಂತ ನಗಬ್ಯಾಡ. ಫೋನಲ್ಲಾದ್ರೆ ಅರ್ಧ ಮಾತಿಗೆ ಎಲ್ಲಿದ್ದೆ ಅನ್ನೋದೇ ತಪ್ಪಿ ಹೋಗ್ತೈತೆ. ಕಾಗದದಲ್ಲಾದ್ರೆ ಹಿಂದಕ್ಕೆ ಓದಿ ಮತ್ತೆ ಹಿಡ್ಕಬಹುದು. ಬೆಳಗ್ಗೆ ಪೂಜೆ ಆದ್ಮೇಲೆ ಹತ್ತು ಗಂಟೆವರೆಗೂ ತಲೆ ನನ್ನ ಮಾತು ಕೇಳ್ತೈತೆ, ಆಮೇಲೆ ಹೇಳಂಗಿಲ್ಲ. ಇದು ಈ ಕಾಗದದ ಮೂರನೇ ಬೆಳಗು. ನನಗೆ ಆಗಿರೋದು ಏನು ಅಂತ ನಿನಗೆ ಬಸವೇಶ ಹೇಳಿರ್ತಾನೆ. ನನಗೆ ಮಾತ್ರ ‘ವಯಸ್ಸಿನ ಮರೆವು ಕಣಮ್ಮ’ ಅಂತಾನೆ. ಆರು ತಿಂಗಳ ಹಿಂದೆ ಚಿತ್ರದುರ್ಗದ ಡಾಕ್ಟ್ರು ಡಿಮೆನ್ಷಿಯಾ ಅಂದಾಗ ನಾನು ಅಲ್ಲೇ ಇದ್ದೆ. ಇನ್ನೂ ಜಾಸ್ತಿ ಆಗ್ತೈತೆ, ಮುಂದೆ ಹೆಂಗೆ ನೋಡ್ಕಬೇಕು ಅಂತ ಈಗಲೇ ಯೋಚನೆ ಮಾಡ್ಕಳ್ರಿ ಅಂದ್ರು. ಎಲ್ಲಾ ಅವನ ಮುಖ ನೋಡಿ ಹೇಳಿದ್ರು. ನಾನು ಅವನು ತಂದ ಕೈಚೀಲದ ಥರ ಪಕ್ಕದ ಕುರ್ಚೀಲಿ ಕುಂತಿದ್ದೆ. ಯೋಚನೆ ಮಾಡಬೇಕಾಗಿದ್ದು ನನ್ನ ಬಗ್ಗೆ, ನನ್ನನ್ನೇ ಯಾರೂ ಒಂದು ಮಾತು ಕೇಳಲಿಲ್ಲ ಲತಾ.

ಹೋದ ತಿಂಗಳು ನಡೆದ ಗಲಾಟೆ ನಿನಗೆ ಹೇಳಬ್ಯಾಡ ಅಂದವ್ನೆ ಬಸವೇಶ, ಬಾಣಂತಿ ಹೆದರ್ಕಂತಾಳೆ ಅಂತ. ನಾನು ಹೇಳ್ತೀನಿ, ಬೇರೆಯವರ ಬಾಯಿಂದ ಕೇಳೋದು ಬ್ಯಾಡ. ಹಿತ್ತಲಲ್ಲಿ ನಿಂತು ಅವನು ಯಾರೋ ಸ್ನೇಹಿತನಿಗೆ ಫೋನಲ್ಲಿ ಹೇಳ್ತಿದ್ದ: ‘ಇನ್ನೂ ಜಾಸ್ತಿ ಆದ್ರೆ ಅಮ್ಮನ್ನ ಹೋಮ್‌ಗೆ ಹಾಕಬೇಕಾಗ್ತೈತೇನೋ.’ ನನ್ನ ಕಿವಿಗೆ ಬಿದ್ದಿದ್ದು ಹೋಮಕ್ಕೆ ಹಾಕಬೇಕು ಅಂತ. ಹೋಮಕ್ಕೆ ತುಪ್ಪ ಹಾಕ್ತಾರೆ, ಕಟ್ಟಿಗೆ ಹಾಕ್ತಾರೆ, ನನ್ನ ಯಾಕೆ ಹಾಕ್ತಾರೆ? ನಮ್ಮಲ್ಲಿ ಸತ್ತೋರನ್ನೂ ಸುಡಲ್ಲ. ನಿಮ್ಮ ಮಾವನ್ನ ತೋಟದಲ್ಲಿ ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡಿದ್ದು ನೀನೇ ನೋಡಿದ್ದೀಯ. ಈಗ ಬರೆಯೋವಾಗ ನನಗೇ ನಗು ಬರ್ತೈತೆ. ಅವತ್ತು ನಗು ಬರಲಿಲ್ಲ. ಹೆತ್ತ ಮಗನೇ ನನ್ನ ಬೆಂಕಿಗೆ ಹಾಕ್ತಾನೆ ಅಂತ ನಂಬಿದೆ.

ನಿನ್ನ ಹತ್ರ ಬಂದುಬಿಟ್ರೆ ಉಳ್ಕಂತೀನಿ ಅಂತ ಚೀಲ ತಗಂಡು ಬಸ್‌ ಸ್ಟ್ಯಾಂಡಿಗೆ ಹೋದೆ, ನಿಂತಿದ್ದ ಬಸ್ ಹತ್ತಿ ಕುಂತೆ. ಕಂಡಕ್ಟರ್ ಬಂದು ‘ಎಲ್ಲಿಗೆ ಅಜ್ಜೀ, ಆಧಾರ್ ಕಾರ್ಡ್ ತೋರಿಸ್ರಿ’ ಅಂದ. ಊರಿನ ಹೆಸರು ಬರಲಿಲ್ಲ. ನಿನ್ನ ಹೆಸರೂ ಬರಲಿಲ್ಲ. ‘ನಮ್ಮ ಸೊಸೆ ಊರು’ ಅಂದೆ. ಬಸ್ಸಲ್ಲಿದ್ದೋರು ನಕ್ಕರು, ಅವನು ನಗಲಿಲ್ಲ. ಕಾರ್ಡಿನ ಕವರ್ ಮೇಲೆ ಬಸವೇಶ ತನ್ನ ನಂಬರ್ ಬರೆದಿಟ್ಟಿದ್ದನಂತೆ, ಅದಕ್ಕೆ ಫೋನ್ ಮಾಡಿದ. ಬಸವೇಶ ಬೈಕಲ್ಲಿ ಓಡಿ ಬಂದ. ಅವನನ್ನ ಕಂಡಿದ್ದೇ ನಾನು ಸೀಟಿನ ಕಂಬಿ ತಬ್ಕಂಡು ‘ನನ್ನ ಸುಡಬ್ಯಾಡಲೇ ಬಸವೇಶ’ ಅಂತ ಕೂಗ್ಕಂಡೆ. ಸ್ಟ್ಯಾಂಡಲ್ಲಿದ್ದೋರೆಲ್ಲ ಅವನನ್ನ ಹೆಂಗೆ ನೋಡಿದ್ರು ಅಂತೀಯ. ಪಾಪ, ಅವತ್ತು ಅವನು ಊಟ ಮಾಡಲಿಲ್ಲ.

ಅದಾದ ಮೇಲೆ ಆಸ್ಪತ್ರೆ ಕಡೆಯಿಂದ ತೇಜಸ್ವಿನಿ ಅಂತ ಒಬ್ಬ ಹುಡುಗಿ ಮನೆಗೆ ಬರೋಕೆ ಶುರು ಮಾಡಿದ್ಲು. ಇಂಥ ಕಾಯಿಲೆಯೋರ ಜೊತೆ, ಅವರ ಮನೆಯೋರ ಜೊತೆ ಮಾತಾಡೋದೇ ಅವಳ ಕೆಲಸ. ಕುರ್ಚಿ ಕೊಟ್ರೆ ಬ್ಯಾಡ ಅಂದು ನನ್ನ ಮುಂದೆ ಚಾಪೆ ಮೇಲೆ ಕುಂತ್ಲು. ಟಿವಿ ಆರಿಸಿದ್ಲು. ಒಂದು ಸಲಕ್ಕೆ ಒಂದೇ ಮಾತು ಕೇಳ್ತಾಳೆ, ನಾನು ಹೇಳೋವರೆಗೂ ಕಾಯ್ತಾಳೆ. ಬಸವೇಶ ನಡುವೆ ಬಾಯಿ ಹಾಕಿದ್ರೆ ‘ತಡೀರಿ ಸಾರ್, ಅಮ್ಮನೇ ಹೇಳ್ಲಿ’ ಅಂತಾಳೆ. ಹೋಮ್ ಅಂದ್ರೆ ಏನು ಅಂತ ಫೋಟೋ ತಂದು ತೋರಿಸಿದ್ಲು. ಸಾಲಾಗಿ ಮಂಚ ಹಾಕಿದ್ರು, ಜಗಲೀಲಿ ನನ್ನ ವಯಸ್ಸಿನೋರು ಅವರೆಕಾಯಿ ಬಿಡಿಸ್ತಾ ಕುಂತಿದ್ರು. ಬೆಂಕಿ ಎಲ್ಲೂ ಇರಲಿಲ್ಲ, ನಾನು ಫೋಟೋನ ಎರಡೆರಡು ಸಲ ನೋಡಿದೆ. ಆಮೇಲೆ ಅವಳು ಕೇಳಿದ್ಲು, ‘ಅಮ್ಮಾ, ಮುಂದೆ ನಿಮ್ಮನ್ನ ನೋಡ್ಕಳ್ಳೋವಾಗ ಯಾವುದು ಆಗಬಾರದು?’ ಆರು ತಿಂಗಳಿಂದ ಯಾರಾದ್ರೂ ಕೇಳಲಿ ಅಂತ ಕಾಯ್ತಿದ್ದ ಮಾತು ಅದು. ನಾನು ಬಾಯಿ ಬಿಡೋ ಹೊತ್ತಿಗೆ ಬಸವೇಶ ‘ಈಗಲೇ ಯಾಕಮ್ಮ ಅದೆಲ್ಲ’ ಅಂದು, ತೋಟದ ಮೋಟರ್ ನೋಡ್ಕಂಡು ಬರ್ತೀನಿ ಅಂತ ಎದ್ದು ಹೋದ. ಆಗ ಕರೆಂಟೇ ಇರಲಿಲ್ಲ. ನಾನು ತೇಜಸ್ವಿನಿಗೇ ಹೇಳಿದೆ, ಅವಳು ಬರ್ಕಂಡ್ಲು. ಅವನಿಗೆ ಕೇಳಿಸ್ಕಳ್ಳೋ ಧೈರ್ಯ ಇಲ್ಲ, ಅದಕ್ಕೇ ನಿನಗೆ ಬರೀತಿದ್ದೀನಿ. ನೀನು ಗಟ್ಟಿಗಿತ್ತಿ. ಮದುವೆಯಾಗಿ ಬಂದ ವಾರಕ್ಕೇ ನನಗೆ ಎದುರು ಮಾತಾಡಿದೋಳು.

ಕೇಳು. ನಾನು ಪೂಜೆ ಮರೆತ ದಿನ ಬಂದ್ರೆ, ಲಿಂಗ ನನ್ನ ಕೊರಳಿಂದ ತೆಗೀಬ್ಯಾಡ್ರಿ. ಬೆಳಗ್ಗೆ ನನ್ನ ಅಂಗೈ ಮೇಲಿಟ್ಟು ನೀನು ಪಕ್ಕದಲ್ಲಿ ಒಂದು ಗಳಿಗೆ ಕುಂತ್ಕ, ಮಂತ್ರ ಬರದಿದ್ರೂ ಚಿಂತಿಲ್ಲ. ನನ್ನ ಮೈ ತೊಳೆಯೋಕೆ ಗಂಡಸರು ಬರೋದು ಬ್ಯಾಡ, ಬಸವೇಶನೂ ಬ್ಯಾಡ. ಅವನು ಮಗ, ಅವನ ಕೈಲಿ ಅದು ಆಗಬಾರದು. ‘ನಾನ್ಯಾರು ಹೇಳು ನೋಡಾಣ’ ಅಂತ ಶಾಲೆ ಪರೀಕ್ಷೆ ಥರ ಕೇಳಬ್ಯಾಡ, ನಾಚಿಕೆ ಆಗ್ತೈತೆ. ‘ನಾನು ಲತಾ’ ಅಂತ ನೀನೇ ಹೇಳ್ಕಂಡು ಬಾ. ಗಂಟಲಿಗೆ, ಮೂಗಿಗೆ ಪೈಪ್ ಹಾಕಿ ಉಳಿಸೋ ಮಾತು ಬಂದ್ರೆ ಬ್ಯಾಡ ಅನ್ನು, ತೇಜಸ್ವಿನಿ ಅದನ್ನೂ ಬರ್ಕಂಡಿದ್ದಾಳೆ. ಇನ್ನು ಆ ಹೋಮ್. ಹೋಗೋಕೆ ನನಗೆ ಇಷ್ಟ ಇಲ್ಲ, ಸುಳ್ಳು ಯಾಕೆ ಹೇಳಲಿ. ಆದ್ರೆ ನೀನು ಎಳೆ ಕೂಸಿನ ತಾಯಿ, ನಿನ್ನ ಕೈಲಿ ಆಗದ ದಿನ ಬಂದ್ರೆ ಸೇರಿಸು. ಸೇರಿಸೋವಾಗ ನೆಂಟರ ಮನೆಗೆ ಹೋಗಾಣ ಅಂತ ಹೇಳಿ ಕರ್ಕಂಡು ಹೋಗಬ್ಯಾಡ. ನನ್ನ ಎದುರಿಗೆ ಕುಂತು, ಅತ್ತೆ, ನನ್ನ ಕೈಲಿ ಆಗ್ತಿಲ್ಲ, ಅಲ್ಲಿಗೆ ಹೋಗಾಣ ಅಂತ ಹೇಳು. ನನಗೆ ಅರ್ಥ ಆಗದಿದ್ರೂ ಹೇಳು.

ನನಗೆ ಭಯ ಆಗೈತೆ ಲತಾ. ಸಾಯೋದಕ್ಕಲ್ಲ, ಸಾಯೋದು ಎಲ್ಲರಿಗೂ ಐತೆ. ಮೊನ್ನೆ ಸಂಜೆ ನಮ್ಮ ಅಡಿಗೆ ಮನೇಲೇ ನಿಂತು ಇದು ಯಾರ ಮನೆ ಅಂತ ಯೋಚನೆ ಮಾಡ್ತಿದ್ದೆ. ಡಬ್ಬಿಗಳೆಲ್ಲ ನನ್ನವೇ, ಹೊಗೆ ಹಿಡಿದ ಗೋಡೆ ನಂದೇ, ಆದ್ರೂ ಗುರುತು ಹತ್ತಲಿಲ್ಲ. ಎಷ್ಟು ಹೊತ್ತು ಹಂಗೆ ನಿಂತಿದ್ನೋ. ಹಂಗೆ ನಿಂತೋಳು ಏನು ಮಾಡ್ತಾಳೆ, ಯಾರಿಗೆ ಏನು ಅಂತಾಳೆ, ಅವಳು ನನಗೆ ಗೊತ್ತಿಲ್ಲ. ಅವಳು ನಿನ್ನ ಬೈದ್ರೆ, ಕಳ್ಳಿ ಅಂದ್ರೆ, ಅದು ಮರುಳಸಿದ್ದಮ್ಮ ಅಂದಿದ್ದಲ್ಲ ಅಂತ ತಿಳ್ಕ. ನಾನು ಅನ್ನೋದಿದ್ರೆ ಇಷ್ಟು ವರ್ಷದಲ್ಲಿ ಮುಖದ ಮೇಲೇ ಅಂದಿರ್ತಿದ್ದೆ, ನಿನಗೇ ಗೊತ್ತು.

ಹತ್ತು ಗಂಟೆ ಹತ್ರ ಬಂತು, ಮುಗಿಸ್ತೀನಿ. ನಿಮ್ಮಪ್ಪ, ಅಮ್ಮನಿಗೆ ನನ್ನ ಶರಣು ತಿಳಿಸು. ಸಂಕ್ರಾಂತಿ ಕಳೆದ ಮೇಲೆ ಬರ್ತೀಯಂತೆ, ನಿಧಾನ ಬಾ, ಹಸಿ ಮೈ ಗಟ್ಟಿಯಾಗಲಿ. ಕೂಸಿನ ನೆತ್ತಿಗೆ ನನ್ನ ಹೆಸರಲ್ಲಿ ಒಂದು ಮುತ್ತು ಕೊಡು. ನಿಮ್ಮೆಲ್ಲರನ್ನೂ ಶಿವ ಚೆನ್ನಾಗಿಟ್ಟಿರಲಿ.

ನಿನ್ನತ್ತೆ,
ಮರುಳಸಿದ್ದಮ್ಮ

ಇನ್ನೊಂದು ಮಾತು. ಮರೆತು ಕೊನೇಲಿ ಬರೀತಿರೋದಲ್ಲ, ಮೂರು ದಿನದಿಂದ ಕೈ ಬರಲಿಲ್ಲ. ಈ ಕೇರಿಯ ಅರ್ಧ ಕೂಸುಗಳಿಗೆ ಕಾಲ ಮೇಲೆ ಹಾಕ್ಕಂಡು ನೀರು ಹಾಕಿದೋಳು ನಾನು. ಶನಿವಾರ ಪಕ್ಕದ ಮನೆ ಬರಗೇರಮ್ಮನ ಮೊಮ್ಮಗನಿಗೆ ಹಾಕೋಕೆ ಕುಂತೆ. ಚೊಂಬು ಎತ್ತಿದ್ದೆ, ಬರಗೇರಮ್ಮ ಓಡಿ ಬಂದು ಕೈ ಹಿಡ್ಕಂಡ್ಲು. ಹಂಡೆಯಿಂದ ತೋಡಿದ ಕುದಿಯೋ ನೀರು, ತಣ್ಣೀರು ಬೆರೆಸೇ ಇರಲಿಲ್ಲ. ಬೆರೆಸಿದ್ದೀನಿ ಅಂತ ನಾನು ಅವಳ ಮೇಲೇ ಜಗಳಕ್ಕೆ ಹೋದೆ. ಬಸವೇಶನಿಗೆ ಗೊತ್ತಿಲ್ಲ. ನೀನು ಬಂದ ಮೇಲೆ ಕೂಸನ್ನ ನನ್ನ ಕೈಗೆ ಕೊಡಬ್ಯಾಡ. ನಾನು ಅಳ್ತೀನಿ, ಬೈತೀನಿ, ಲಿಂಗ ಮುಟ್ಟಿ ಆಣೆ ಇಡ್ತೀನಿ. ಕೊಡಬ್ಯಾಡ. ಬೇರೆ ಎಲ್ಲದಕ್ಕೂ ನನ್ನನ್ನ ಕೇಳ್ರಿ. ಇದೊಂದಕ್ಕೆ ನನ್ನ ಕೇಳಬ್ಯಾಡ್ರಿ.