ಸುಭದ್ರೆಯ ಹೂಂ

ಹೊಳೆನರಸೀಪುರ
೧೯-೮-೨೦೨೪, ಸೋಮವಾರ

ಚಿರಂಜೀವಿ ಮಾನಸಾ,

ಜೊತೆಗೆ ಸೌಭಾಗ್ಯವತಿ ಅಂತ ಸೇರಿಸುವುದನ್ನು ಬೇಕಂತಲೇ ಬಿಟ್ಟಿದ್ದೇನೆ. ಈ ಕಾಗದವನ್ನು ನಿಮ್ಮ ಬೀದಿಯ ಆಶಾ ಕಾರ್ಯಕರ್ತೆ ಸ್ನೇಹಲತಾ ನಿನ್ನ ತಾಯಿ ಕಾರ್ಡಿನೊಳಗೆ ಇಟ್ಟು ಕೊಡುತ್ತಾಳೆ. ಬಚ್ಚಲುಮನೆಗೆ ಹೋಗಿ ಓದು, ಓದಿ ಹರಿದುಹಾಕು.

ಇದನ್ನು ಫೋನಿನಲ್ಲಿ ಹೇಳಲಾರೆ. ಸ್ಪೀಕರ್ ಹಾಕಿಸಿ ನಿನ್ನ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ ಅನ್ನುವುದು ನನಗೆ ಶನಿವಾರ ಖಾತ್ರಿಯಾಯಿತು.

ವರ್ಷದಿಂದ ಸುಭದ್ರೆಯ ಮೇಲೆ ಕಾದಂಬರಿ ಬರೆಯುತ್ತಿದ್ದೇನಲ್ಲ, ಬರೆದಷ್ಟನ್ನು ಸಂಜೆ ಫೋನಿನಲ್ಲಿ ನಾನು ಓದುವುದು, ನೀನು ಹೂಂಗುಟ್ಟುವುದು, ಎಲ್ಲ ನಿನ್ನ ಚಿಕ್ಕಂದಿನ ಅಭ್ಯಾಸವೇ. ಆಗ ಹೂಂ ನಿಂತರೆ ನಾನೂ ಕಥೆ ನಿಲ್ಲಿಸಿ ದೀಪ ಆರಿಸುತ್ತಿದ್ದೆ. ಆದರೆ ನೀನು ಸುಮ್ಮನೆ ಹೂಂ ಅನ್ನುವ ಮಗುವಾಗಿರಲಿಲ್ಲ. ಕುದುರೆಯ ಬಣ್ಣ ಬದಲಾಯಿಸಿದರೂ “ಹಂಗಲ್ಲ ಕಣಮ್ಮ, ನೆನ್ನೆ ಬಿಳೀದು ಅಂದಿದ್ದೆ” ಅಂತ ಎದ್ದು ಕೂರುತ್ತಿದ್ದೆ. ವಿಮರ್ಶಕರು ಏನಾದರೂ ಬರೆದುಕೊಳ್ಳಲಿ, ನಿನ್ನಷ್ಟು ಕಾಟ ಕೊಟ್ಟವರು ಯಾರೂ ಇಲ್ಲ.

ಚಕ್ರವ್ಯೂಹದ ಕಥೆ ಎಲ್ಲರಿಗೂ ಗೊತ್ತು. ಕೃಷ್ಣ ಹೇಳುತ್ತಿದ್ದ, ಬಸುರಿ ಸುಭದ್ರೆ ನಿದ್ದೆಹೋದಳು, ಹೊಟ್ಟೆಯೊಳಗಿನ ಅಭಿಮನ್ಯು ಹೂಂಗುಟ್ಟಿದ. ಅದು ತಿಳಿದದ್ದೇ ಕೃಷ್ಣ ಕಥೆ ನಿಲ್ಲಿಸಿದ. ವ್ಯೂಹದ ಒಳಗೆ ಹೋಗುವುದನ್ನು ಕೇಳಿಸಿಕೊಂಡ ಮಗ ಹೊರಗೆ ಬರುವುದನ್ನು ಕೇಳದೆ ಸತ್ತ. ಅಂದಿನಿಂದ ಎಲ್ಲರೂ ನಿದ್ದೆಹೋದವಳನ್ನೇ ಬೈಯುತ್ತಾರೆ. ಹೇಳುವವನು ಒಂದು ಸಲ ಅವಳ ಮುಖ ನೋಡಬಾರದಿತ್ತೇ? ಪುರಾಣದ ಮೇಲೆ ನನಗಿರುವ ಸಿಟ್ಟು ಇದು. ಕಾದಂಬರಿ ಶುರುವಾದದ್ದೂ ಈ ಸಿಟ್ಟಿನಿಂದಲೇ.

ಶನಿವಾರ ನಿನ್ನ ಹೂಂ ನನಗೆ ಸರಿಕಾಣಲಿಲ್ಲ. ಪ್ರತಿ ವಾಕ್ಯದ ಕೊನೆಗೂ ಒಂದೇ ಸಮನೆ ಬರುತ್ತಿತ್ತು. ಆಗ ಬೇಕಂತಲೇ ಕಥೆ ಕೆಡಿಸಿದೆ. ಸುಭದ್ರೆ ತಾನೇ ರಥ ಹೊಡೆದುಕೊಂಡು ಹೋಗಿ ವ್ಯೂಹ ಒಡೆದಳು, ಅಭಿಮನ್ಯು ಜೀವಂತ ಹೊರಗೆ ಬಂದ, ಅಮ್ಮನ ಜೊತೆ ಊಟಕ್ಕೆ ಕೂತ ಅಂತ ಓದಿದೆ. ಅದಕ್ಕೂ ನೀನು ಹೂಂ ಅಂದೆ. ಹಿಂದಿನಿಂದ ನಿನ್ನ ಅತ್ತೆ “ಸಾಕು ಮಡಗವ್ವ, ಆಲು ಉಕ್ತಾ ಅದೆ” ಅಂದದ್ದು ಕೇಳಿಸಿತು, ಫೋನು ಕಟ್ಟಾಯಿತು.

ಸೀಮಂತದ ದಿನ ನಿನ್ನ ಕತ್ತಿನ ಮೇಲಿದ್ದ ಗುರುತಿಗೆ ನಿನ್ನ ಗಂಡ ರುದ್ರೇಶ ಬೀರುವಿನ ಬಾಗಿಲಿನ ಕಥೆ ಹೇಳಿದ್ದ. ಕಥೆ ಕಟ್ಟುವವಳಿಗೇ ಕಥೆ. ನಾನಾಗಿ ಅರಕಲಗೂಡಿಗೆ ಬಂದರೆ ಅವನು ಕುರ್ಚಿ ಹಾಕಿ ಕೂರಿಸಿ ಕಾಫಿ ತರಿಸುತ್ತಾನೆ, ನೀನು ಪಕ್ಕದಲ್ಲಿ ನಿಂತು ನಗುತ್ತೀಯ. ನಾನು ಹೊರಟ ಮೇಲೆ ಏನಾಗುತ್ತದೋ ಅಂತ ನನಗೆ ಭಯ.

ಅದಕ್ಕೇ ಈ ದಾರಿ. ಗುರುವಾರ ಸ್ನೇಹಲತಾ ನಿನ್ನನ್ನು ತಪಾಸಣೆಗೆ ಕರೆದುಕೊಂಡು ಹೋಗುತ್ತಾಳೆ. ಬ್ಯಾಗು ಬೇಡ, ಒಡವೆ ಬೇಡ, ಮೆಟ್ಟಿಕೊಂಡ ಚಪ್ಪಲಿಯಲ್ಲೇ ಬಾ. ಆಸ್ಪತ್ರೆಯ ಗೇಟಿನ ಹತ್ತಿರ ಕಾರಿನಲ್ಲಿ ಕಾದಿರುತ್ತೇನೆ. ಮನೆಗೆ ಬಂದಮೇಲೆ ನನ್ನ ಜೊತೆ ಜಗಳವಾಡು, ಸಾಲುಸಾಲಿಗೂ ತಪ್ಪು ಹಿಡಿ. ಬಾ, ಅಷ್ಟೆ.

ನಿನ್ನ ದಾರಿ ಕಾಯುವ ಅಮ್ಮ,
ನೀಲಾಂಬಿಕೆ

ತಾ.ಕ.: ಹಾಸನ, ಬುಧವಾರ. ಕಾಗದ ವಾಪಸು ಬಂತು. ನಿನ್ನೆ ಸ್ನೇಹಲತಾ ಹೋದಾಗ ನಿಮ್ಮ ಮನೆಗೆ ಬೀಗ ಹಾಕಿತ್ತು. ಸೋಮವಾರ ರಾತ್ರಿಯೇ ನಿನ್ನನ್ನು ಇಲ್ಲಿನ ಆಸ್ಪತ್ರೆಗೆ ತಂದು ಸೇರಿಸಿದ್ದಾರೆ. “ಮೆಟ್ಲಲ್ಲಿ ಯಂಗೋ ಜಾರ್ಬುಟ್ಲು ಅತ್ತೆ” ಅಂತ ರುದ್ರೇಶ ನನಗೂ ಹೇಳಿದ, ಪೊಲೀಸರಿಗೂ ಹೇಳಿದ. ಶನಿವಾರವೇ ಬಸ್ಸು ಹತ್ತಬೇಕಾಗಿದ್ದವಳು ನಾನು ಕಾಗದ ಬರೆಯಲು ಕೂತೆ. ಅದನ್ನೂ ತಿದ್ದಿ ತಿದ್ದಿ ನಕಲು ತೆಗೆದೆ. ಮಗು ಹೋಯಿತು. ನೀನಿನ್ನೂ ಕಣ್ಣು ಬಿಟ್ಟಿಲ್ಲ. ಕೇಳಿಸಿದರೂ ಕೇಳಿಸೀತು, ಮಾತಾಡ್ತಾ ಇರಿ ಅಂತ ನರ್ಸು ಹೇಳಿದ್ದಾರೆ. ನಿನ್ನ ಮುಖ ನೋಡಿಕೊಂಡೇ ಕಥೆ ಹೇಳುತ್ತಿದ್ದೇನೆ. ಅಭಿಮನ್ಯು ಜೀವಂತ ಹೊರಗೆ ಬಂದ, ಊಟಕ್ಕೆ ಕೂತ ಅಂತಲೇ ಹೇಳುತ್ತಿದ್ದೇನೆ. ಹಂಗಲ್ಲ ಕಣಮ್ಮ ಅನ್ನು.