ಏಳು ನಿರಿಗೆ

೧೬ ಜುಲೈ ೧೯೫೬, ಸೋಮವಾರ. ಬೆಳಿಗ್ಗೆ ಆರು

ಏಳು. ಇವತ್ತೂ ಏಳು. ಎರಡು ಸಲ ಬಿಚ್ಚಿ ಉಟ್ಟೆ. ಎರಡು ಸಲವೂ ಏಳೇ ಬಂದವು.

ಇದು ನನ್ನ ತಪಾಸಣೆ. ಎಂಟು ಗಜದ ಸೀರೆ, ಉಡುವ ಕೈ ಒಂದೇ, ಬೆರಳಿನ ಅಳತೆ ಒಂದೇ. ಸೊಂಟ ಹಿಗ್ಗಿದರೆ ಸೀರೆಯೆಲ್ಲ ಸುತ್ತಿಗೇ ಹೋಗಿ ಮುಂದೆ ನಿರಿಗೆ ಕಡಿಮೆ ಬೀಳಬೇಕು. ಹೊಟ್ಟೆಯನ್ನು ಕೈಯಿಂದ ಒತ್ತಿ ನೋಡುವುದಿಲ್ಲ. ಹೆದರಿದ ಕೈಗೆ ಎಲ್ಲವೂ ಗಡ್ಡೆಯೇ.

ಮುಂದಿನ ತಿಂಗಳಿಗೆ ಎರಡು ವರ್ಷ. ಆಗ ನನಗೆ ಇಪ್ಪತ್ತಮೂರು. ಮುಟ್ಟು ನಿಂತಿತ್ತು, ಹೊಟ್ಟೆ ಬಂದಿತ್ತು. ಸೂಲಗಿತ್ತಿ ಬೀರವ್ವ ಕೈಯಿಟ್ಟು "ಒದೀತೈತಿ ನೋಡ" ಅಂದಳು. ನನಗೂ ಒದ್ದಂತೆಯೇ ಅನಿಸಿತು. ಐದನೆಯ ತಿಂಗಳೆಂದು ಅತ್ತೆ ಓಣಿಯ ಹೆಂಗಸರನ್ನೆಲ್ಲ ಕರೆದು ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬಿ ಹಾಡು. ಅದು ಕೂಸಲ್ಲ. ಎಡಗಡೆಯ ಅಂಡಾಶಯದಲ್ಲಿ ಕ್ಯಾನ್ಸರ್. ಮಿರಜಿಗೆ ಹೋಗಿ ಆಪರೇಶನ್. ಬೇಗ ಸಿಕ್ಕಿದೆ, ಗಡ್ಡೆ ಒಡೆದಿಲ್ಲ, ಬಲಗಡೆಯದು ಸ್ವಚ್ಛ ಇದೆ ಅಂದರು. ಗಡ್ಡೆಗೆ ಕುಬಸ ಮಾಡಿಸಿಕೊಂಡವಳು ಈ ಬೆಟಗೇರಿಯಲ್ಲಿ ನಾನೊಬ್ಬಳೇ ಇರಬೇಕು.

ಇಲ್ಲಿಯ ಡಾಕ್ಟರ್‌ಬಾಯಿಗೆ ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಹೊಟ್ಟೆ ಬೆಳೆದಂತೆ ಕಂಡರೆ ಒಂದು ದಿನವೂ ತಡೆಯಬಾರದು. ಮುಂದಿನ ಸರತಿ ಆಗಸ್ಟ್ ಹದಿನೆಂಟು.

ಶಾಲೆಗೆ ಹೊತ್ತಾಯಿತು.

೨೩ ಜುಲೈ

ಏಳನೆಯದು ಅರ್ಧ. ಸರಿಯಾಗಿ ಎಳೆದು ಕಟ್ಟಿಲ್ಲ... ಇರಬೇಕು.

ಮುಟ್ಟಾಗಿ ಮೂರು ತಿಂಗಳು. ಆಪರೇಶನ್ ಆದಾಗಿನಿಂದ ಅದಕ್ಕೆ ಹೇಳುವವರು ಕೇಳುವವರು ಇಲ್ಲ, ಬಂದಾಗ ಬಂತು. ಅದರಿಂದ ಏನೂ ತಿಳಿಯುವುದಿಲ್ಲ.

೨೪ ಜುಲೈ

ಅರ್ಧ.

೨೯ ಜುಲೈ, ರವಿವಾರ

ಆರು.

ಮೂರು ಸಲ ಉಟ್ಟೆ. ಜೋರಾಗಿ ಎಣಿಸುತ್ತಿದ್ದೆನೆಂದು ಕಾಣುತ್ತದೆ. ಮಗ್ಗದ ಸದ್ದು ನಿಂತಿತು. ಇವರು ಬಂದು ಬಾಗಿಲಲ್ಲಿ ನಿಂತರು. (ಗಂಡನ ಹೆಸರು ಬಾಯಿಂದ ಹೇಳಬಾರದು, ಸರಿ. ಬರೆಯಲು ಯಾರ ಅಡ್ಡಿ? ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸುತ್ತೇನೆ. ಇದೊಂದು ಹೆಸರಿಗೆ ಕೈ ಬರುವುದಿಲ್ಲ.)

"ಎಷ್ಟ ಬಂದ್ವು?"

"ಏನು ಎಷ್ಟ?"

"ನಿರಿಗಿ."

ಎರಡು ವರ್ಷದಿಂದ ಕದ್ದು ಎಣಿಸುತ್ತಿದ್ದೇನೆ ಎಂದುಕೊಂಡಿದ್ದೆ. "ಆರು" ಅಂದೆ. ಹೋಗಿ ಮಗ್ಗಕ್ಕೆ ಕುಳಿತರು. ಬಹಳ ಹೊತ್ತು ಲಾಳಿ ಓಡಲಿಲ್ಲ.

ಕೂಸಿರಬಹುದಲ್ಲ ಅನ್ನುತ್ತದೆ ಮನಸ್ಸು. ಹೋದ ಸಲವೂ ಇದೇ ಮನಸ್ಸು ಇದನ್ನೇ ಹೇಳಿತ್ತು. ಇದರ ಮಾತು ಕೇಳಿ ಒಮ್ಮೆ ಹಸಿರು ಬಳೆ ಇಟ್ಟುಕೊಂಡದ್ದು ಸಾಕು.

ಒಂದು ದಿನವೂ ತಡೆಯಬಾರದು ಅಂದಿದ್ದರು. ಇಪ್ಪತ್ತು ದಿನ ತಡೆಯುತ್ತಿದ್ದೇನೆ. ಯಾಕೆಂದರೆ, ಹೋದರೆ ಹೇಳಿಬಿಡುತ್ತಾರೆ.

೧೧ ಆಗಸ್ಟ್, ಪಂಚಮಿ

ಇವರು ಹೊಸ ಸೀರೆ ಕೊಟ್ಟರು. ತಾವೇ ನೇಯ್ದದ್ದು. ನೀಲಿ ಒಡಲು, ಕೆಂಪು ಅಂಚು. ಕೊಡುವಾಗ ಮುಖ ನೋಡಲಿಲ್ಲ, ನಾಚಿಕೆ ಇರಬೇಕು ಎಂದುಕೊಂಡೆ. "ಉಟ್ಟ ನೋಡ" ಅಂದರು. ಉಟ್ಟೆ.

ಏಳು. ಪೂರಾ ಏಳು.

ಅಲ್ಲೇ ಕುಳಿತು ಅತ್ತುಬಿಟ್ಟೆ. ಹಳೆಯವು ಒಗೆದು ಒಗೆದು ಕುಗ್ಗಿದ್ದವಂತೆ, ಅದಕ್ಕೇ ಆರು ಬಂದವಂತೆ. ಇವರ ಮಾತು. ನೂಲಿನ ಸಂಗತಿ ನೇಕಾರನಿಗೆ ಗೊತ್ತಿಲ್ಲದೆ ಅಕ್ಷರ ತಿದ್ದಿಸುವವಳಿಗೆ ಗೊತ್ತಿರುತ್ತದೆಯೇ? ಎಂಥ ದಡ್ಡಿ ನಾನು. ಇದನ್ನು ಎರಡು ವಾರ ನುಂಗಿಕೊಂಡು ಕೂತಿದ್ದೆನಲ್ಲ.

ಅತ್ತೆ "ಹಳೇವು ಕೊಡವ್ವ, ಕೌದಿ ಹೊಲೀತೀನಿ" ಎಂದು ನಾನು ದಿನ ಉಡುವ ಎರಡೂ ಹಳೆಯ ಸೀರೆ ಇಸಿದುಕೊಂಡರು. ಸಂಜೆಗೇ ಹರಿದು ತುಂಡು ಮಾಡಿದರು. ಎಂದೂ ಇಲ್ಲದ ಅವಸರ. ನಾನು ಶೇಂಗಾದುಂಡಿ ನಾಲ್ಕು ತಿಂದೆ.

೧೮ ಆಗಸ್ಟ್

ಏಳು.

ಡಾಕ್ಟರ್‌ಬಾಯಿಯ ಕಡೆ ಹೋಗಲಿಲ್ಲ. ಏಳು ಇದ್ದ ಮೇಲೆ ಯಾಕೆ? ಮುಂದಿನ ಸರತಿಗೆ ಹೋದರಾಯಿತು.

೮ ಸೆಪ್ಟೆಂಬರ್, ಚೌತಿ

ನಾಲ್ಕು ದಿನದಿಂದ ಏಳನೆಯದು ಮತ್ತೆ ಸಣ್ಣದಾಗಿತ್ತು. ಬರೆಯಲು ಧೈರ್ಯವಾಗಿರಲಿಲ್ಲ. ಇವತ್ತು ಮತ್ತೊಂದು ಸೀರೆ ಬಂತು. ಉಟ್ಟೆ. ಏಳು.

"ಒಂದ ತಿಂಗಳಿಗೆ ಎರಡ ಸೀರಿ. ಏನ್ರೀ ಇದು, ಸಾವಕಾರ ಆದ್ರಿ ಏನು?"

"ಹಾಸಿನ ನೂಲು ಉಳದಿತ್ತು" ಅಂದರು.

ಸೀರೆ ಒಗೆಯಲೂ ಅತ್ತೆ ಬಿಡುವುದಿಲ್ಲ, "ನೀರ ಕುಡದ ಒದ್ದಿ ಅರಿವಿ ಎತ್ತಬ್ಯಾಡ." ಓಣಿಯಲ್ಲಿ "ಸಾಲಿ ಅಕ್ಕಾರಿಗೆ ಮೈ ಬಂದೈತಿ" ಅನ್ನುತ್ತಾರೆ. ಬರಲಿ. ಕೂತಲ್ಲಿ ತಿನ್ನುತ್ತಿದ್ದೇನೆ.

ನವೆಂಬರ್ ಒಂದಕ್ಕೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರುತ್ತದೆ. ಪ್ರಭಾತಫೇರಿಗೆ ಹುಡುಗಿಯರನ್ನು ತಯಾರು ಮಾಡುವುದು, ಬೋರ್ಡಿನ ಮೇಲೆ ಹೊಸ ನಕಾಶೆ ಬರೆಯುವುದು ನನ್ನ ಪಾಲಿಗೆ. ಹಳೆಯ ಗಡಿಗಳನ್ನು ಅಳಿಸುತ್ತ ನಿಂತಾಗ ಸೊಂಟ ಬಹಳ ನೋಯಿತು.

೩೦ ಸೆಪ್ಟೆಂಬರ್, ರವಿವಾರ. ಮಧ್ಯಾಹ್ನ

ಆದದ್ದನ್ನು ಆದಂತೆ ಬರೆಯುತ್ತೇನೆ.

ಅತ್ತೆ ಮಗಳ ಮನೆಗೆಂದು ಲಕ್ಷ್ಮೇಶ್ವರಕ್ಕೆ ಹೋಗಿದ್ದಾರೆ. ಇವರು ಕೊಟ್ಟ ಎರಡೂ ಸೀರೆ ನಾನೇ ಒಗೆದೆ. ಹಿತ್ತಲಿನ ಹಗ್ಗ ಸರಿಯಾಗಿ ಎಂಟು ಗಜ. ಮಾವ ಇದ್ದಾಗ ಅಳೆದು ಕಟ್ಟಿದ್ದು. ಈ ಮನೆಯಲ್ಲಿ ನೇಯ್ದ ಸೀರೆ ಹರವಿದರೆ ಗೂಟದಿಂದ ಗೂಟಕ್ಕೆ ಬರಬೇಕು.

ಮೊದಲನೆಯದು ಗೂಟ ದಾಟಿ ಒಂದು ಮೊಳ ಉಳಿಯಿತು.

ಎರಡನೆಯದು ಎರಡು ಮೊಳ.

ಕೈಯಿಂದ ಅಳೆದೆ. ಮತ್ತೆ ಅಳೆದೆ. ಆಮೇಲೆ ಹೋಗಿ ಮಗ್ಗದ ಮುಂದೆ ನಿಂತೆ.

"ಸೀರಿ ಎಷ್ಟ ಗಜ?"

ಲಾಳಿ ನಿಂತಿತು. ತಲೆ ಎತ್ತಲಿಲ್ಲ.

"ನಾ ಕೇಳಾಕತ್ತೀನಿ. ಎಷ್ಟ ಗಜ?"

"ಒಂದು ಎಂಟೂವರಿ. ಇನ್ನೊಂದು ಒಂಬತ್ತು."

"ಯಾಕ?"

"ದಿನಾ ನಸಿಕಿನ್ಯಾಗ ನೀ ಎಣಸೂದು ಕೇಳಸ್ತಿತ್ತು. ಆರು ಅಂದ ದಿನ ನಿನ್ನ ಮಾರಿ ನೋಡಾಕ ಆಗಲಿಲ್ಲ. ಏಳು ಬಂದ್ರ ಸಮಾಧಾನ ಇರತಾಳ ಅಂದ್ಕೊಂಡೆ."

"ಅತ್ತಿಗೆ ಗೊತ್ತಿತ್ತು?"

"ಒಗಿಯಾಕ ಹತ್ತಿದ ಮ್ಯಾಲ ಗೊತ್ತಾತು."

"ನಾ ಆಸ್ಪತ್ರಿಗೆ ಹೋಗಲಿಲ್ಲ. ನಿಮ್ಮ ಏಳು ನಂಬಿ ಹೋಗಲಿಲ್ಲ. ಇದು ಅದ ಆಗಿದ್ರ?"

"ಕೂಸು ಅಂದ್ಕೊಂಡಿದ್ದೆ."

"ಹೋದ ಸಲಾನೂ ಹಂಗ ಅಂದ್ಕೊಂಡಿದ್ರಿ."

ಹೆಗಲ ಮೇಲಿನ ವಸ್ತ್ರ ಮುಖಕ್ಕೆ ಒತ್ತಿಕೊಂಡರು. ಮಗ್ಗದಲ್ಲಿ ಕೂತ ಗಂಡಸು ಅಳುವುದನ್ನು ನಾನು ನೋಡಿರಲಿಲ್ಲ. ನನಗೆ ಮರುಕ ಬರಲಿಲ್ಲ. ಸಿಟ್ಟು ಬಂತು, ಈಗಲೂ ಇದೆ. ಮೊದಲು ಒಂದು ಮೊಳ, ಆಮೇಲೆ ಎರಡು. ನನ್ನ ಹೊಟ್ಟೆ ಎಷ್ಟು ಬೆಳೆಯುತ್ತದೆಂದು ನನಗಿಂತ ಮೊದಲೇ ಲೆಕ್ಕ ಹಾಕಿ ನೇಯ್ದಿದ್ದಾರೆ. ಮನೆಗೆಲ್ಲ ಗೊತ್ತಿತ್ತು, ಹೊಟ್ಟೆ ಹೊತ್ತವಳಿಗೆ ಗೊತ್ತಿರಲಿಲ್ಲ.

ಪ್ರಲ್ಹಾದ. ಪ್ರಲ್ಹಾದ. ಪ್ರಲ್ಹಾದ. ಬರೆದೆ. ಏನಾಗುತ್ತದೋ ಆಗಲಿ.

ಅದೇ ದಿನ, ಸಂಜೆ

ಒಂಬತ್ತು ಗಜದ ಸೀರೆಯ ಸೆರಗನ್ನು ಎರಡು ಮೊಳ ಒಳಗೆ ಮಡಿಸಿ ಉಟ್ಟು ನೋಡಿದೆ. ಐದು.

ಮೊದಲ ಸಲ ಹೊಟ್ಟೆಯ ಮೇಲೆ ಕೈ ಇಟ್ಟೆ. ಗಟ್ಟಿ ಇದೆ. ಒಳಗೆ ಏನೋ ಸರಿದಾಡುತ್ತದೆ. ಹೋದ ಸಲವೂ ಸರಿದಾಡುತ್ತಿತ್ತು.

೧ ಅಕ್ಟೋಬರ್, ಸೋಮವಾರ

ರಜೆ ಹಾಕಿ ಆಸ್ಪತ್ರೆಗೆ ಹೋದೆ. ಇವರು ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಬಂದರು. ಬನ್ನಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ಡಾಕ್ಟರ್‌ಬಾಯಿ ಬಹಳ ಹೊತ್ತು ನೋಡಿದರು. ಕಟ್ಟಿಗೆಯ ಕೊಳವೆ ಹೊಟ್ಟೆಯ ಮೇಲಿಟ್ಟು ಕಿವಿ ಹಚ್ಚಿದರು. ಗೋಡೆಯ ಗಡಿಯಾರ ನೋಡುತ್ತ ತುಟಿಯಲ್ಲಿ ಎಣಿಸಿದರು. ಇಲ್ಲಿಯೂ ಎಣಿಸುವುದೇ.

"ಕೂಸು ಐತಿ ಚೌಡವ್ವ. ಎದಿ ಬಡಿಯೂದು ಕೇಳಸ್ತು. ಐದು ತಿಂಗಳಾಗ್ಯಾವ."

ಖುಷಿ ಆಯಿತು. ಆಯಿತು ಅಂತ ಬರೆಯಲೇಬೇಕು. ಕಿವಿಯಲ್ಲಿ ಗಂಟೆ ಹೊಡೆದಂತಾಯಿತು, ಆಕೆಯ ಕೈ ಹಿಡಿದುಕೊಂಡೆ. ಆಮೇಲೆ ಕೇಳಿದೆ, "ಬಲಗಡೆದು?"

ಆಕೆ ಕೈ ತೊಳೆದುಕೊಂಡು ಬಂದು ಕುಳಿತರು.

"ಆಗಸ್ಟಿನ್ಯಾಗ ಯಾಕ ಬರಲಿಲ್ಲ? ಆಗ ಕೂಸು ಸಣ್ಣದಿತ್ತು. ಬಲಗಡೆದು ನನ್ನ ಕೈಗೆ ಸಿಗತಿತ್ತು, ಏನೈತಿ ಏನಿಲ್ಲ ಹೇಳತಿದ್ದೆ. ಈಗ ಕೂಸು ಅಡ್ಡ ಬಂದೈತಿ. ಹೆರಿಗಿ ಆಗೂತನಾ ಅಲ್ಲಿ ಏನೈತಿ ಅಂತ ನನಗ ತಿಳಿಯೂದಿಲ್ಲ."

"ಹೆರಿಗಿ ಯಾವಾಗ?"

"ಫೆಬ್ರುವರಿ."

ಅಂದರೆ ನಾಲ್ಕು ತಿಂಗಳು. ಒಳಗೆ ಕೂಸು ಒಂದೇ ಇದೆಯೋ, ಕೂಸಿನ ಹಿಂದೆ ಅದೂ ಕೂತಿದೆಯೋ. ನಾಲ್ಕು ತಿಂಗಳು ಯಾರಿಗೂ ಗೊತ್ತಾಗುವುದಿಲ್ಲ.

ಆಗಸ್ಟಿನಲ್ಲಿ ಯಾಕೆ ಬರಲಿಲ್ಲ ಎಂದು ನಾನು ಹೇಳಲಿಲ್ಲ. ಇವರು ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ದಾರಿಯಲ್ಲಿ ಹತ್ತು ಹೆಜ್ಜೆ ಹದಿನೈದು ಆಗಿತ್ತು.

೫ ಅಕ್ಟೋಬರ್

ಅತ್ತೆ ಬಂದರು. ನಾನು ಬಾಯಿ ತೆಗೆಯುವ ಮೊದಲೇ ಪೆಟ್ಟಿಗೆಯಿಂದ ಕೌದಿ ತಂದು ಮುಂದೆ ಹಾಸಿದರು. ನನ್ನ ಹಳೆಯ ಸೀರೆಗಳದ್ದು. ಮೊಳದುದ್ದದ ಕೌದಿ. ದೊಡ್ಡವರ ಕಾಲೂ ಮುಚ್ಚುವುದಿಲ್ಲ.

"ಹೋದ ಸಲ ಊರಿಗೆಲ್ಲಾ ಹೇಳಿ ಉಣಿಸಿದೆ. ಈ ಸಲ ದೇವರಿಗೂ ಹೇಳಿಲ್ಲ" ಅಂದರು. "ನಿನಗ ಹೇಳಬೇಕಿತ್ತು. ಬಾಯಿ ಬರಲಿಲ್ಲವ್ವ. ನಾ ಹೇಳಿದ್ದು ಸುಳ್ಳ ಆಗತೈತಿ ಅಂತ ಅಂಜಿದೆ."

ಅತ್ತೆಯ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ಗಡ್ಡೆಗೆ ಕುಬಸ ಮಾಡಿದವಳು ಎಂದು ಓಣಿ ಎರಡು ವರ್ಷ ಅಂದಿದೆ. ಕೌದಿ ಮಡಿಸಿ ಪೆಟ್ಟಿಗೆಗೇ ಇಟ್ಟೆ. ಕುಬಸ ಬೇಡ ಅಂದೆ. ಬೇಡ ಅಂದರು ಅವರೂ.

೨೧ ಅಕ್ಟೋಬರ್

ಮೂರು ವಾರ ಇವರ ಕೂಡ ಮಾತಿಲ್ಲ. ತಾಟು ಇಡುತ್ತೇನೆ, ಉಂಡು ಏಳುತ್ತಾರೆ. ಇವತ್ತು ನೋಡಿದರೆ ಮಗ್ಗದ ಮೇಲೆ ಹಸಿರು ನೂಲು.

"ಯಾರಿಗೆ?"

"ನಿನಗ. ನಿನಗ ಬ್ಯಾಡಾಗಿದ್ರ ಪ್ಯಾಟಿಗೆ ಕಳಸ್ತೀನಿ."

ಹಸಿರು ಇನ್ನೊಮ್ಮೆ ಉಡುವುದಿಲ್ಲ ಎಂದುಕೊಂಡಿದ್ದೆ. ಆದರೂ ಬಾಯಿಂದ ಬಂದದ್ದು ಬೇರೆ. "ಎಂಟ ಗಜ ಇರಬೇಕು. ಒಂದ ಬೆರಳ ಹೆಚ್ಚಾದ್ರ ಮಗ್ಗಕ್ಕ ಬೆಂಕಿ ಹಚ್ಚತೀನಿ."

"ಹಗ್ಗದ ಮ್ಯಾಲ ನೀನ ಅಳಿ" ಅಂದರು.

೧ ನವೆಂಬರ್, ಗುರುವಾರ. ಬೆಳಿಗ್ಗೆ ಐದೂವರೆ

ಹಗ್ಗದ ಮೇಲೆ ಹರವಿ ಅಳೆದೆ. ಗೂಟದಿಂದ ಗೂಟಕ್ಕೆ. ಎಂಟು.

ಬಗ್ಗಲು ಆಗುವುದಿಲ್ಲ ಈಗ. "ನಿರಿಗಿ ನೀವ ಹಿಡೀರಿ, ನೀವ ಎಣಸ್ರಿ" ಅಂದೆ. ಮುಂದೆ ಕುಳಿತು ಹಿಡಿದರು. ನೇಯುವ ಕೈ, ಒಂದರ ಮೇಲೊಂದು ಸರಿಯಾಗಿ ಕೂಡುತ್ತವೆ.

"ಒಂದು. ಎರಡು. ಮೂರು. ನಾಕು."

ನಿಂತರು.

"ಮುಂದ?"

ನನ್ನ ಮುಖ ನೋಡಿ ಹೇಳಿದರು, "ಮುಂದ ಇಲ್ಲ. ನಾಕ."

ನಾಲ್ಕು. ಹೆದರಿಕೆ ಇದ್ದಷ್ಟೇ ಇದೆ. ಆದರೆ ಈಗ ಇಬ್ಬರಿಗೂ ಒಂದೇ ಸಂಖ್ಯೆ ಗೊತ್ತು. ಸಿಟ್ಟು ಎಲ್ಲಿ ಹೋಯಿತೋ ನೋಡಿಕೊಳ್ಳಲಿಲ್ಲ.

ಓಣಿಯ ತುದಿಯಲ್ಲಿ ಬ್ಯಾಂಡು ಶುರುವಾಗಿದೆ. ನನ್ನ ಹುಡುಗಿಯರು "ಅಕ್ಕಾರ, ಹೊತ್ತಾತ್ರಿ" ಎಂದು ಕಟ್ಟೆಯ ಹತ್ತಿರ ಕೂಗುತ್ತಿದ್ದಾರೆ. ಇವತ್ತಿನಿಂದ ನಾವೆಲ್ಲ ಒಂದೇ ರಾಜ್ಯ. ಏಳಬೇಕು.

ಈಗ ಏನೋ ಅಲುಗಿತು. ಬಲಗಡೆ. ಇಷ್ಟು ದಿನ ಎಡಗಡೆಯೇ ಇತ್ತು, ಇವತ್ತು ಬಲಗಡೆ, ಉಳಿದ ಅಂಡಾಶಯ ಇರುವ ಕಡೆ.

ಇವರನ್ನು ಕರೆದು ಕೈ ಇಡಿಸಿದೆ. "ಸಮಾಧಾನ ಹೇಳಬ್ಯಾಡ್ರಿ. ಕೈಗೆ ಏನ ಹತ್ತತೈತಿ ಅಷ್ಟ ಹೇಳ್ರಿ" ಅಂದೆ. ತಲೆ ಬಗ್ಗಿಸಿ ಕೂತಿದ್ದಾರೆ. ನಾನು ಬರೆಯುತ್ತ ಕೂತಿದ್ದೇನೆ, ಬರೆಯದಿದ್ದರೆ ಅವರ ಮುಖ ನೋಡಬೇಕಾಗುತ್ತದೆ. ಬೆರಳು ಸ್ವಲ್ಪ ಸರಿಸಿದರು. ಈಗ ತಲೆ ಎತ್ತಿ—